ಗಂಭೀರ ಛಾಯಾಗ್ರಾಹಕನ ಮುಕ್ಕಾಲಿ

ಇದ್ರೀಸ್ ಸಾಹೇಬರನ್ನು ನಾನು ಮೊದಲು ಕಂಡದ್ದು ಬೆಂಗಳೂರಿನಿಂದ ಹೊರಟ ಮೈಸೂರು ಪ್ಯಾಸೆಂಜರ್ ರೈಲಿನಲ್ಲಿ. ಕಂಡ ಗಂಟೆಯೊಳಗೇ ಅವರ ಊಟದ ಡಬ್ಬಿಯನ್ನು ಬೀಳಿಸಿದ್ದೆ! ಸರಿಯಾಗಿ ಹೇಳಬೇಕೆಂದರೆ ಬೀಳಿಸಿದ್ದು ನಾನಲ್ಲ, ನನ್ನ ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿ. ಆದರೆ ಮುಕ್ಕಾಲಿ ಮಾಡಿದ ತಪ್ಪಿಗೆ ಅದರ ಯಜಮಾನನೇ ಹೊಣೆ ಎಂದು, ಡಬ್ಬಿಯಿಂದ ಹಾರಿ ಬಂದು ನನ್ನ ಬಿಳಿಯ ಪಂಚೆಯ ಮೇಲೆ ಕುಳಿತ ಬದನೆಕಾಯಿ ಪಲ್ಯವು ಅಲ್ಲೇ ತೀರ್ಪು ಕೊಟ್ಟುಬಿಟ್ಟಿತು.

ಅದಕ್ಕೆ ಹದಿನೈದು ದಿನ ಮೊದಲು ನಾನೊಂದು ಮಹಾಸಂಕಲ್ಪ ಮಾಡಿದ್ದೆ. ಕುದೂರಿನ ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ಸಂಧಿ, ಸಮಾಸಗಳನ್ನು ಬಿಡಿಸಿ, ನಿವೃತ್ತನಾಗಿ, ರಾಮನಗರದ ಮನೆಯಲ್ಲಿ ಕುಳಿತಿದ್ದೆ. ಒಂದು ಒಳ್ಳೆಯ ಕ್ಯಾಮೆರಾ ಕೊಂಡು ಎರಡು ವರ್ಷವಾಗಿತ್ತು. ಕನ್ನಡಿಯ ಮುಂದೆ ನಿಂತು, ಎದೆಯುಬ್ಬಿಸಿ, ನನ್ನ ಹೆಂಡತಿ ಲತಾಮಣಿಗೆ ಕೇಳುವಂತೆ ಘೋಷಿಸಿದೆ.

"ಇಂದಿನಿಂದ ನಾನು ಗಂಭೀರ ಛಾಯಾಗ್ರಾಹಕ!"

"ಇಷ್ಟು ದಿನ ಏನಾಗಿದ್ರಿ?" ಎಂದು ಅಡಿಗೆಮನೆಯಿಂದ ಪ್ರಶ್ನೆ ಬಂತು.

"ಇಷ್ಟು ದಿನ ಹವ್ಯಾಸಿ."

"ಹವ್ಯಾಸಿ ಆಗಿದ್ದಾಗ್ಲೇ ನನ್ ತಂಗಿ ಮಗನ ನಾಮಕರಣದಲ್ಲಿ ಎಲ್ಲರ ತಲೇನೂ ಕತ್ತರಿಸಿ ಬರೀ ಕುತ್ತಿಗೆ ಪಟ ತೆಗೆದ್ರಿ. ಇನ್ನು ಗಂಭೀರ ಆದ್ರೆ ಏನೇನು ಉಳಿಯುತ್ತೋ!"

ಈ ಗಾಂಭೀರ್ಯಕ್ಕೆ ಘನವಾದ ಕಾರಣವೊಂದಿತ್ತು. ಅದರ ಹೆಸರು ಮಾಯಮ್ಮ, ನನ್ನ ಅತ್ತೆಯವರು. ಸಾತನೂರಿನ ಆಚೆಯ ಹಳ್ಳಿಯಲ್ಲಿ ಮಗ ಲೋಕೇಶನ ಜೊತೆಗಿದ್ದ ಅವರಿಗೆ ಆಗ ಎಂಬತ್ತನಾಲ್ಕು. ಎಂಬತ್ತನಾಲ್ಕು ವರ್ಷಗಳಲ್ಲಿ ಅವರ ಮುಖ ಒಂದೇ ಒಂದು ಫೋಟೋದಲ್ಲಿಯೂ ಬಿದ್ದಿರಲಿಲ್ಲ! ಮದುವೆ, ಗೃಹಪ್ರವೇಶ, ಬಾಣಂತನ ಎಲ್ಲದರಲ್ಲಿಯೂ ಅವರಿದ್ದರು. ಆದರೆ ಫ್ಲ್ಯಾಷ್ ಮಿಂಚುವ ಹೊತ್ತಿಗೆ ಸರಿಯಾಗಿ ಸೆರಗು ಮುಖದ ಮೇಲಿರುತ್ತಿತ್ತು. ಕಣ್ಣಿನ ಪೊರೆ ತೆಗೆಸಿದ ಮೇಲಂತೂ, "ಡಾಕ್ಟ್ರು ಹೇಳವ್ರೆ, ಮಿಂಚು ನೋಡ್ಬಾರ್ದು" ಎಂಬ ಕಾನೂನೂ ಸೇರಿಕೊಂಡಿತು.

"ನಮ್ಮವ್ವನ ಮುಖ ಇರೋ ಒಂದು ಪಟ ಬೇಕು ಕಣ್ರಿ," ಎಂದು ಲತಾಮಣಿ ಒಂದು ದಿನ ಮೆಲ್ಲನೆ ಹೇಳಿದಳು. "ನಾಳೆ ಮೊಮ್ಮಕ್ಕಳು ಮುತ್ತಜ್ಜಿ ಹೆಂಗಿದ್ರು ಅಂತ ಕೇಳಿದ್ರೆ ಸೆರಗು ತೋರಿಸ್ಲಾ?"

ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಅವಳು ನನ್ನ ಕ್ಯಾಮೆರಾದಿಂದ ಬೇಡಿದ್ದು ಇದೊಂದನ್ನೇ. ಮಗಳ ಒತ್ತಾಯಕ್ಕೆ ಮಣಿದು ಅತ್ತೆಯವರೂ ಒಪ್ಪಿದರು. ಆದರೆ ಷರತ್ತುಗಳಿದ್ದವು. "ಮಿಂಚು ಬ್ಯಾಡ. ನಾನು ಕೂತ ಜಾಗದಿಂದ ಏಳಾಕಿಲ್ಲ. ಒಂದ್ ಸಲ ಕಣ್ರಪ್ಪ, ಒಂದೇ ಸಲ ತೆಗೀರಿ. ಕೆಟ್ಟೋದ್ರೆ ನಿಮ್ಮ ಹಣೆಬರಹ!"

ಏಳುವುದಿಲ್ಲ ಎಂಬುದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟಾದಾಗಿನಿಂದ ಅವರು ನಡುಮನೆಯ ಕಲ್ಲುಜಗಲಿ ಬಿಟ್ಟು ದೂರ ಹೋಗುತ್ತಿರಲಿಲ್ಲ. ಲೋಕೇಶ ಕನಕಪುರದಿಂದ ಹಿಡಿದು ನಡೆಯುವ ಕಬ್ಬಿಣದ ಚೌಕಟ್ಟೊಂದನ್ನು ತಂದುಕೊಟ್ಟರೆ, "ಗೇಟು ಹಿಡ್ಕಂಡ್ ನಿಂತ್ಕಳಕ್ಕೆ ನಾನೇನು ಫ್ಯಾಕ್ಟ್ರಿ ವಾಚ್‌ಮನ್ನಾ?" ಎಂದು ಅದರ ಮೇಲೆ ಟವಲು ಒಣಹಾಕಿದರು. ಎತ್ತಿಕೊಂಡು ಅಂಗಳಕ್ಕೆ ಕರೆತರುತ್ತೇವೆಂದರೆ, "ನನ್ನ ಎತ್ಕಂಡೋಗದು ಒಂದೇ ಸಲ. ಅದಕ್ಕೆ ನಾಕ್ ಜನ ಬೇಕು. ಇನ್ನೂ ಟೈಮೈತೆ" ಎಂದು ಬಾಯಿ ಮುಚ್ಚಿಸಿದರು.

ಈಗ ಶಾಸ್ತ್ರಕ್ಕೆ ಬರೋಣ. ನಡುಮನೆಯಲ್ಲಿ ಬೆಳಕೆಂದರೆ ಮಾಡಿನ ಒಂದು ಗಾಜಿನ ಹೆಂಚಿನದು ಮಾತ್ರ. ಫ್ಲ್ಯಾಷ್ ಇಲ್ಲ. ಹಾಗಾದರೆ ಕ್ಯಾಮೆರಾದ ಕಣ್ಣು ಅರ್ಧ ಸೆಕೆಂಡಾದರೂ ತೆರೆದಿರಬೇಕು. ಆ ಅರ್ಧ ಸೆಕೆಂಡಿನಲ್ಲಿ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ನನ್ನ ಕೈಯೋ, ಕಾಫಿ ಲೋಟ ಹಿಡಿದರೆ ಬಸಿಗೆ ಸೇರುವ ಕಾಫಿಯೇ ಹೆಚ್ಚು! ಆದ್ದರಿಂದ ಮುಕ್ಕಾಲಿ ಬೇಕೇ ಬೇಕು. ಅದು ಗಟ್ಟಿಯಾಗಿರಬೇಕು, ಹಗುರವಾಗಿಯೂ ಇರಬೇಕು.

ಲೋಕದಲ್ಲಿ ಈ ಎರಡು ಗುಣಗಳು ಒಂದೇ ಕಡೆ ಇರುವುದಿಲ್ಲವೆಂದು ನನಗೆ ಬೇಗ ತಿಳಿಯಿತು. ಸ್ಟುಡಿಯೋ ಇಟ್ಟಿದ್ದ ಗೆಳೆಯ ಬಸವಯ್ಯ ತನ್ನ ತಂದೆಯ ಕಾಲದ ಮುಕ್ಕಾಲಿ ಕೊಟ್ಟ. ಗಟ್ಟಿ ಎಂದರೆ ಗಟ್ಟಿ! ಅದರ ಮೇಲೆ ಕ್ಯಾಮೆರಾ ಏಕೆ, ಬಸವಯ್ಯನನ್ನೇ ಕೂರಿಸಬಹುದಿತ್ತು. ಅವನ ಅಂಗಡಿಯಿಂದ ನಮ್ಮ ಮನೆಗೆ ಎರಡು ಫರ್ಲಾಂಗು ಹೊತ್ತು ತಂದವನು ಮೂರು ದಿನ ಚಾಪೆಯ ಮೇಲೆ ಬೋರಲು ಮಲಗಿದೆ. ಆಮೇಲೆ ಬೆಂಗಳೂರಿಗೆ ಹೋಗಿ ಅಲ್ಯೂಮಿನಿಯಂನದೊಂದನ್ನು ಕೊಂಡೆ. ಹಗುರ ಎಂದರೆ ಹಗುರ! ಫ್ಯಾನಿನ ಗಾಳಿಗೆ ಅದು ನಮಸ್ಕಾರ ಮಾಡುತ್ತಿತ್ತು. ಆದರೂ ಹೊಸ ವಸ್ತು, ರೈಲಿನಲ್ಲಿ ಎದುರು ಕುಳಿತವರಿಗೆ ತೋರಿಸದಿರಲು ಮನಸ್ಸಾದೀತೇ? ಮೂರೂ ಕಾಲನ್ನು ಎಳೆದು ನಿಲ್ಲಿಸಿದೆ. ಬಿಡದಿಯಲ್ಲಿ ಕಾರು ಕಾರ್ಖಾನೆಯ ಪಾಳಿ ಮುಗಿಸಿದ ಜನ ನುಗ್ಗಿದರು, ರೈಲು ಜಗ್ಗಿತು, ಮುಕ್ಕಾಲಿಯ ಒಂದು ಕಾಲು ಮಡಚಿ ಬಿತ್ತು. ಉಳಿದದ್ದನ್ನು ಮೊದಲೇ ಹೇಳಿದ್ದೇನೆ.

ಎದುರಿಗಿದ್ದ ಹಿರಿಯರು ಬೈಯುತ್ತಾರೆಂದು ಕಾದೆ. ಅವರು ಪಲ್ಯದ ಕಡೆಗೆ ನೋಡಲೂ ಇಲ್ಲ. ಮುರಿದ ಕಾಲನ್ನೆತ್ತಿ, ಉಗುರಿನಿಂದ ತಟ್ಟಿ, ಕಿವಿಯ ಬಳಿ ಹಿಡಿದು, ವೈದ್ಯರಂತೆ ತಲೆಯಾಡಿಸಿದರು.

"ಸಾರ್, ಇದಕ್ಕೆ ಕಾಲೈತೆ, ಜೀವ ಇಲ್ಲ."

"ತಾವು?"

"ಇದ್ರೀಸ್ ಅಂತ. ಚನ್ನಪಟ್ಟಣ. ಬೊಂಬೆ ಕೆಲಸ. ನಮ್ಮ ತಾತ ಹಿಡಿದ ಉಳೀನೇ ಈಗ ನನ್ನ ಕೈಲಿರೋದು. ಹಾಲೆಮರ ನೋಡಿದ್ದೀರಾ ಸಾರ್? ಎತ್ತಿದ್ರೆ ಹೂವು, ನಿಲ್ಸಿದ್ರೆ ಕಂಬ! ಅದರಲ್ಲಿ ಮಾಡ್ಕೊಡ್ತೀನಿ ಬನ್ನಿ."

ಗಟ್ಟಿ ಮತ್ತು ಹಗುರ! ನನ್ನ ಕಣ್ಣಲ್ಲಿ ನೀರೇ ಬಂತು.

ಮರುವಾರವೇ ಅವರ ಕಾರ್ಖಾನೆಗೆ ಹೋದೆ. ಕಾರ್ಖಾನೆ ಎಂದರೆ ಮನೆಯ ಮುಂದಿನ ಕೋಣೆ. ಮರ ಕಡೆಯುವ ಯಂತ್ರ ಗುಂಯ್ ಎನ್ನುತ್ತಿತ್ತು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಕಣ್ಣೆದುರಿಗೇ ಕೆಂಪು, ಹಳದಿ ಮಿರುಗಿಕೊಂಡು ಏಳುತ್ತಿತ್ತು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಬಂದ ಮೇಲೆ ವ್ಯಾಪಾರ ಇಳಿದುಹೋಗಿತ್ತು. ಮಾಡಿಟ್ಟ ಬೊಂಬೆಗಳು ಅಟ್ಟದ ಮೇಲೆ ಸಾಲಾಗಿ ಕುಳಿತು ನನ್ನನ್ನೇ ನೋಡುತ್ತಿದ್ದವು.

ನಾನು ಹಳೆಯ ಮೇಷ್ಟ್ರು. ಬಾಯಲ್ಲಿ ಹೇಳಿದರೆ ಸಮಾಧಾನವಿಲ್ಲ. ಗೆರೆ ಹಾಕಿದ ಹಾಳೆಯಲ್ಲಿ ಬರೆದು ತಂದಿದ್ದೆ. "ಒಂದು: ಎತ್ತರವು ನನ್ನ ಎದೆಯ ಮಟ್ಟಕ್ಕಿರತಕ್ಕದ್ದು. ಎರಡು: ಭಾರಕ್ಕೆ ಬಾಗದಿರತಕ್ಕದ್ದು. ಮೂರು: ಅರುವತ್ತು ದಾಟಿದವನು ಎಲ್ಲಿಗೆ ಬೇಕಾದರೂ ಆಯಾಸವಿಲ್ಲದೆ ಕೊಂಡೊಯ್ಯುವಂತಿರತಕ್ಕದ್ದು." ಇದ್ರೀಸರು ಗಟ್ಟಿಯಾಗಿ ಓದಿದರು. ಮೂರನೆಯದನ್ನು ಎರಡು ಸಲ ಓದಿದರು. ಅವರ ಮುಖದಲ್ಲಿ ಏನೋ ಹೊಳೆಯಿತು. ಅದು ಏನೆಂದು ಆಗಲೇ ಕೇಳಬೇಕಾಗಿತ್ತು!

ಹದಿನೈದು ದಿನ ಬಿಟ್ಟು ಹೋದಾಗ ಬಿಳಿಯ ಬಟ್ಟೆ ಮುಚ್ಚಿ ನಿಲ್ಲಿಸಿದ್ದರು. ಮೂರ್ತಿ ಅನಾವರಣ ಮಾಡುವಂತೆ ಬಟ್ಟೆ ಸೆಳೆದರು. ಕೆಂಪು, ಹಳದಿ, ಹಸಿರು! ಮೂರು ದಪ್ಪ ಕಾಲುಗಳು. ತಲೆಯಲ್ಲಿ ಕ್ಯಾಮೆರಾ ಕೂರಲು ಬೊಂಬೆಯ ಕತ್ತಿನಂತೆ ಎಲ್ಲ ಕಡೆಗೂ ಹೊರಳುವ ಗುಂಡು, ಅದರ ಮೇಲೆ ಹಿತ್ತಾಳೆಯ ತಿರುಪು. ನಡುವಿನ ಮಟ್ಟಕ್ಕೆ ಎರಡು ಕೈಯಲ್ಲೂ ಹಿಡಿಯುವಂಥ ಅಡ್ಡಹಿಡಿ. ಮತ್ತು... ಮೂರು ಕಾಲಿಗೂ ಮೂರು ಚಕ್ರಗಳು!

"ಇದ್ರೀಸರೇ, ಚಕ್ರ ಏಕೆ?"

"ಆಯಾಸ ಇಲ್ದೆ ಕೊಂಡೊಯ್ಬೇಕು ಅಂತ ಬರೆದಿದ್ರಲ್ಲ ಸಾರ್. ಹೊತ್ರೆ ತಾನೇ ಭಾರ? ತಳ್ಕೊಂಡು ಹೋದ್ರೆ ಭಾರ ಎಲ್ಲಿಂದ ಬಂತು?"

"ಆದರೆ ಇದು ನಿಲ್ಲಬೇಕಲ್ಲ ಸ್ವಾಮಿ! ನಿಲ್ಲುವುದೇ ಇದರ ಕೆಲಸ!"

"ನಿಲ್ಲುತ್ತೆ ಸಾರ್. ನೋಡಿ, ಮೂರು ಚಕ್ರಕ್ಕೂ ಮೂರು ಬೆಣೆ, ದಾರ ಕಟ್ಟಿ ಇಟ್ಟಿದ್ದೀನಿ. ಕೆಳಗೆ ಸಿಕ್ಸಿದ್ರೆ ಆನೆ ಬಂದ್ರೂ ಅಲ್ಲಾಡಲ್ಲ. ಅಲ್ಲಿ ಬಿಡದೀಲಿ ಕಾರಿಗೆ ನಾಲ್ಕು ಹಾಕ್ತಾರೆ. ನಾನು ಮೂರೇ ಹಾಕಿದ್ದು!"

ತಳ್ಳಿದೆ. ಚಕ್ರ ತಿರುಗಿದಂತೆ ಅದರ ಮೇಲೆ ಕೂರಿಸಿದ್ದ ಎರಡು ಮರದ ಕೋಳಿಗಳು ಟಕಟಕ ಕುಟುಕಿದವು! ಅದಕ್ಕೂ ಅವರ ಬಳಿ ಉತ್ತರವಿತ್ತು. "ನಲವತ್ತು ವರ್ಷದಿಂದ ಸದ್ದಿಲ್ಲದ ಗಾಡಿ ನಮ್ಮಂಗಡಿಯಿಂದ ಆಚೆ ಹೋಗಿಲ್ಲ ಸಾರ್. ಕೈ ತಾನೇ ತಾನಾಗಿ ಕೋಳಿ ಮಾಡ್ಬಿಡ್ತು."

ಬೇಡವೆನ್ನಲು ಬಾಯಿ ತೆರೆದೆ. ಅಟ್ಟದ ಬೊಂಬೆಗಳು ನೋಡುತ್ತಿದ್ದವು. ಒಂದು ವರ್ಷದಲ್ಲಿ ಅವರಿಗೆ ಸಿಕ್ಕ ಹೊಸ ಬಗೆಯ ಕೆಲಸ ಇದೊಂದೇ ಎಂದು ಅವರ ಹೆಂಡತಿ ಖುರ್ಷಿದಾ ಚಹಾ ಕೊಡುವಾಗ ಹೇಳಿದ್ದರು. ಬಾಯಿ ಮುಚ್ಚಿದೆ. ಅಲ್ಲದೆ, ನಿಜವಾಗಿಯೂ ಅದು ಗಟ್ಟಿಯಾಗಿತ್ತು, ಹಗುರವಾಗಿತ್ತು!

ಅವರೆಕಾಯಿಯ ಕಾಲದ ಒಂದು ಭಾನುವಾರ ನಮ್ಮ ದಂಡಯಾತ್ರೆ ಹೊರಟಿತು. ಕನಕಪುರದ ಬಸ್ಸಿನಲ್ಲಿ ಕಂಡಕ್ಟರು ಸೀಟುಗಳ ಕೆಳಗೆಲ್ಲ ಇಣುಕಿದರು.

"ಮೇಷ್ಟ್ರೇ, ಗಾಡಿ ಬಂದೈತೆ, ಮಗು ಎಲ್ಲಿ?"

"ಮಗು ಇವರೇ," ಎಂದಳು ಲತಾಮಣಿ, ಟಿಕೆಟಿಗೆ ಕೈ ಚಾಚುತ್ತ. "ಫುಲ್ ಟಿಕೆಟೇ ಕೊಡಿ."

ಬಸ್ಸು ಬಸ್ಸೇ ನಕ್ಕಿತು. ಪ್ರತಿ ತಿರುವಿಗೂ ಕೋಳಿಗಳು ಟಕಟಕ ಎಂದು ನಗೆಗೆ ತಾಳ ಹಾಕಿದವು.

ಅತ್ತೆಯವರು ಹೊಸ ಸೀರೆಯುಟ್ಟು, ಹಣೆಗೆ ಅಗಲವಾಗಿ ವಿಭೂತಿಯಿಟ್ಟು, ಕಲ್ಲುಜಗಲಿಯ ಮೇಲೆ ಸಿದ್ಧರಾಗಿದ್ದರು. ಎದುರಿಗೆ, ನಡುಮನೆಯ ಇನ್ನೊಂದು ತುದಿಯಲ್ಲಿ, ಮುಕ್ಕಾಲಿ ನಿಲ್ಲಿಸಿದೆ. ಮೂರು ಬೆಣೆಗಳನ್ನೂ ಸಿಕ್ಕಿಸಿದೆ. ಕ್ಯಾಮೆರಾ ಏರಿಸಿ ತಿರುಪು ಬಿಗಿದೆ. ಬೆಳಕಿನ ಲೆಕ್ಕ ಹಾಕಿದೆ. ಲತಾಮಣಿ ಪಕ್ಕದಲ್ಲಿ ನಿಂತು ಕೇಳಿದಳು.

"ಆ ಹಸಿರು ಗುರುತಿಗೆ ತಿರುಗಿಸಿದ್ರೆ ಕ್ಯಾಮೆರಾನೇ ಎಲ್ಲ ನೋಡ್ಕೊಳ್ಳುತ್ತೆ ಅಂತ ಪುಸ್ತಕದಲ್ಲಿ ಇತ್ತಲ್ಲ?"

"ಅದು ಗಂಭೀರವಲ್ಲದವರಿಗೆ!"

ಮತ್ತೆ ಅತ್ತೆಯವರ ಕಡೆಗೆ ತಿರುಗಿ ವಿನಯದಿಂದ ಪಾಠ ಶುರುಮಾಡಿದೆ. "ಅತ್ತೆಮ್ಮ, ಅರ್ಧ ಸೆಕೆಂಡು ತಾವು ಅಲುಗಬಾರದು."

"ನಾನು ಅಲ್ಲಾಡ್ದೆ ಒಂದ್ ವರ್ಸ ಆಯ್ತು ಅಳಿಯಂದ್ರೇ. ನಿಮ್ಮ ಗಾಡಿ ಅಲ್ಲಾಡ್ದಂಗೆ ನೋಡ್ಕಳಿ."

ಕ್ಯಾಮೆರಾದ ಕಿಂಡಿಯಲ್ಲಿ ಇಣುಕಿದೆ. ಎಲ್ಲವೂ ದಿವ್ಯವಾಗಿತ್ತು! ಮಾಡಿನ ಬೆಳಕು ಅವರ ಕೆನ್ನೆಯ ಸುಕ್ಕುಗಳ ಮೇಲೆ ಬಿದ್ದಿತ್ತು. ಸೆರಗು ಹೆಗಲ ಮೇಲಿತ್ತು. ಲತಾಮಣಿ ಉಸಿರು ಬಿಗಿಹಿಡಿದಿದ್ದಳು. ಅಲ್ಲಿಗೇ ಗುಂಡಿ ಒತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಗಾಂಭೀರ್ಯವೆಂಬುದು ಬಿಡಬೇಕಲ್ಲ! ಕಂಬದ ಅಂಚು ಚೌಕಟ್ಟಿನೊಳಗೆ ತುಸು ಕಾಣುತ್ತಿತ್ತು. ಒಂದಂಗುಲ ಪಕ್ಕಕ್ಕೆ ಸರಿಸೋಣವೆಂದು, ಕಿಂಡಿಯಿಂದ ಕಣ್ಣು ತೆಗೆಯದೆ, ಕಾಲಿನಿಂದಲೇ ಬೆಣೆಗಳನ್ನು ಒದ್ದೆ.

ಆ ಹಳೆಯ ಮನೆಯ ನೆಲವನ್ನು, ತೊಳೆದ ನೀರು ತಾನಾಗಿ ಬಚ್ಚಲ ಕಡೆಗೆ ಹರಿಯಲೆಂದು ಇಳಿಜಾರಾಗಿ ಹಾಕಿಸಿದ್ದರು. ಬಚ್ಚಲ ಪಕ್ಕದಲ್ಲಿಯೇ ಕಲ್ಲುಜಗಲಿ. ಮೂವತ್ತು ವರ್ಷಗಳಿಂದ ಆ ಮನೆಯ ಅಳಿಯನಾಗಿದ್ದ ನಾನು ಇದನ್ನು ಗಮನಿಸಿರಲಿಲ್ಲ. ಚಕ್ರಗಳು ಒಂದೇ ಕ್ಷಣದಲ್ಲಿ ಗಮನಿಸಿದವು!

ಟಕ. ಟಕಟಕ. ಟಕಟಕಟಕಟಕ!

ಹಿಡಿಯಲು ಹಾರಿದೆ. ಕೈಗೆ ಸಿಕ್ಕಿದ್ದು ಮುಕ್ಕಾಲಿಯಲ್ಲ, ಗುಂಡಿ. ಕ್ಯಾಮೆರಾ 'ಚಕ್' ಎಂದಿತು. ನಾನು ನೆಲಕ್ಕೆ ಬಿದ್ದೆ. ಮುಕ್ಕಾಲಿ ಕೋಳಿಗಳನ್ನು ಕುಟುಕಿಸಿಕೊಂಡು ಸೀದಾ ಹೋಗಿ ಅತ್ತೆಯವರ ಮೊಣಕಾಲಿನ ಮುಂದೆ ವಿಧೇಯ ವಿದ್ಯಾರ್ಥಿಯಂತೆ ನಿಂತಿತು.

"ಆಯ್ತಾ? ಒಂದ್ ಸಲ ಆಯ್ತು," ಎಂದರು ಅತ್ತೆಯವರು.

ಲತಾಮಣಿ ನನ್ನ ಕಡೆಗೆ ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ನೆಲದ ಮೇಲೆ ಹಾಗೆಯೇ ಮಲಗಿ, ಭೂಮಿ ಬಾಯಿ ಬಿಡಲೆಂದು ಕಾದೆ. ಅದು ಗಟ್ಟಿ ಸಿಮೆಂಟಿನ ನೆಲ.

ಅಷ್ಟರಲ್ಲಿ ಅತ್ತೆಯವರು ಅಡ್ಡಹಿಡಿಯನ್ನು ಹಿಡಿದುಕೊಂಡಿದ್ದರು. ಬೆರಳಿನಿಂದ ಅರಗಿನ ಹೊಳಪು ಸವರಿದರು. ಮುಂದಕ್ಕೊಮ್ಮೆ ತಳ್ಳಿದರು. ಟಕಟಕ. ಹಿಂದಕ್ಕೆಳೆದರು. ಟಕಟಕ.

"ಎಲಾ, ಕೋಳಿ!" ಎಂದರು. ಎಂದು, ಹಿಡಿಯ ಮೇಲೆ ಭಾರ ಬಿಟ್ಟು, ಎದ್ದು ನಿಂತುಬಿಟ್ಟರು!

"ಅವ್ವಾ!" ಎಂದು ಲೋಕೇಶ ಕೈಲಿದ್ದ ಅವರೆಕಾಯಿ ಮೊರವನ್ನು ಕೆಳಗೆ ಬಿಟ್ಟ.

"ಬಡ್ಕೋಬ್ಯಾಡ ಕಣ್ಲಾ. ಏಯ್ ಲತಾ, ಈ ಡಬ್ಬ ತೆಗಿ, ದಾರಿ ಕಾಣಾಕಿಲ್ಲ."

ಆ ಡಬ್ಬವೆಂದರೆ ನನ್ನ ಕ್ಯಾಮೆರಾ! ಲತಾಮಣಿ ತಿರುಪು ಸಡಿಲಿಸಿ ಅದನ್ನು ಕೊರಳಿಗೆ ಹಾಕಿಕೊಂಡಳು. ಅತ್ತೆಯವರು ನಡುಮನೆಗೆ ಒಂದು ಸುತ್ತು ಬಂದರು. ಎರಡನೆಯ ಸುತ್ತಿಗೆ ವೇಗ ಹೆಚ್ಚಿತು. ಮೂರನೆಯ ಸುತ್ತಿನಲ್ಲಿ ಬಾಗಿಲ ಕಡೆಗೆ ತಿರುಗಿದರು.

"ಅತ್ತೆಮ್ಮ, ಜಾಗಕ್ಕೆ ಬನ್ನಿ! ಬೆಳಕಿನ ಲೆಕ್ಕ ಹಾಕಿದ್ದೇನೆ! ಇನ್ನೊಂದೇ ಒಂದು..."

"ನಿಮ್ಮ ಲೆಕ್ಕ ನೀವಿಟ್ಕಳಿ. ನಾನು ನನ್ನ ಹಸ ನೋಡಿ ಒಂದ್ ವರ್ಸ ಆಯ್ತು!"

ಲೋಕೇಶ ಮೋಟಾರ್ ಬೈಕನ್ನು ಮನೆಯೊಳಗೆ ನಿಲ್ಲಿಸಲು ಹೊಸಿಲಿನ ಎರಡು ಕಡೆಯೂ ಸಿಮೆಂಟಿನ ಇಳಿಜಾರು ಹಾಕಿಸಿದ್ದ. ಅದರ ತುತ್ತತುದಿಯಲ್ಲಿ ಮುಕ್ಕಾಲಿಯೂ ಎಂಬತ್ತನಾಲ್ಕು ವರ್ಷವೂ ಒಂದು ಕ್ಷಣ ನಿಂತವು. ನನ್ನ ಎದೆ ನಿಂತಿತು. ಲೋಕೇಶ ಅಡ್ಡಹಿಡಿಗೆ ಕೈಹಾಕಿದ. ಅತ್ತೆಯವರು ಅವನ ಕೈಯ ಮೇಲೊಂದು ಬಿಟ್ಟರು. "ಬುಡ್ಲಾ!" ಲತಾಮಣಿ ಹಿತ್ತಲ ಬಾಗಿಲಿನಿಂದ ಸುತ್ತಿ ಅಂಗಳದ ಮುಂದಕ್ಕೆ ಓಡಿದಳು, ಅವ್ವ ಬಂದರೆ ತಬ್ಬಿ ಹಿಡಿಯಲು.

ಅವ್ವ ಬಂದರು! ಟಕಟಕಟಕಟಕ! ಸೆರಗು ಗಾಳಿಗೆ ಹಾರಿ, ಬೊಚ್ಚುಬಾಯಿ ತುಂಬ ನಗುತ್ತ, ಲೋಕೇಶ ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದಂತೆ ಇಳಿಜಾರು ಇಳಿದರು. ನಾನು ಹಿಂದಿನಿಂದ ಹಿಡಿಯೋಣವೆಂದು ಎರಡು ಕೈಯನ್ನೂ ಚಾಚಿ ಓಡಿದೆ. ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದ ಬೆಣೆಯ ದಾರ ನನ್ನ ಹೆಬ್ಬೆರಳಿಗೆ ಸಿಕ್ಕಿತು. ಒಂದು ಕಾಲು ನೆಲದಲ್ಲಿ, ಒಂದು ಕಾಲು ಆಕಾಶದಲ್ಲಿ. ಪಂಚೆ ಇವೆರಡರಲ್ಲಿ ಎಲ್ಲಿಯೂ ಇಲ್ಲ! ಅದನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಗಾಳಿಯನ್ನು ಹಿಡಿದು, "ಅತ್ತೇ...!" ಎಂದು ಕೂಗುತ್ತ ಸೀದಾ ಹುಲ್ಲಿನ ಮೆದೆಗೆ ಹೋಗಿ ಸೇರಿದೆ.

ಹುಲ್ಲಿನಿಂದ ತಲೆಯೆತ್ತಿದಾಗ ಅತ್ತೆಯವರು ಕೊಟ್ಟಿಗೆಯ ಮುಂದೆ ಹಸುವಿನ ಗಂಗೆದೊಗಲು ತುರಿಸುತ್ತ ನಿಂತಿದ್ದರು. ಲತಾಮಣಿ ಅಂಗಳದ ನಡುವೆ ಅಳುತ್ತಲೂ ನಗುತ್ತಲೂ ಇದ್ದಳು. ಕ್ಯಾಮೆರಾ ಅವಳ ಕೈಯಲ್ಲಿತ್ತು.

"ಏನು ಮಾಡಿದೆ?"

"ಹಸಿರು ಗುರುತಿಗೆ ತಿರುಗಿಸಿ ಒತ್ತಿದೆ."

ವಾರ ಬಿಟ್ಟು ಬಸವಯ್ಯನ ಸ್ಟುಡಿಯೋದಿಂದ ಎರಡು ಪಟ ಬಂದವು. ನಾನು ತೆಗೆದದ್ದರಲ್ಲಿ ಹೊಗೆಯ ನಡುವೆ ಒಂದು ಮೂಗಿತ್ತು. ಅದು ಅತ್ತೆಯವರದೋ ಕಂಬದ್ದೋ ಬಸವಯ್ಯನಿಗೂ ತಿಳಿಯಲಿಲ್ಲ. ಲತಾಮಣಿ ತೆಗೆದದ್ದರಲ್ಲಿ ಅತ್ತೆಯವರಿದ್ದರು. ತುಂಬು ಬಿಸಿಲಿನಲ್ಲಿ, ಕಣ್ಣು ಅರಳಿಸಿಕೊಂಡು, ಪ್ರತಿ ಸುಕ್ಕೂ ನಗುತ್ತಿದ್ದಂತೆ! ಲತಾಮಣಿ ಅದನ್ನು ಎಷ್ಟೋ ಹೊತ್ತು ಹಿಡಿದುಕೊಂಡೇ ಇದ್ದಳು. ಅವರ ಹಿಂದೆ, ದುರದೃಷ್ಟವಶಾತ್, ನಾನೂ ಸ್ಪಷ್ಟವಾಗಿ ಬಿದ್ದಿದ್ದೆ.

ಮುಕ್ಕಾಲಿ ವಾಪಸು ಬರಲಿಲ್ಲ. ಕೇಳಿದ್ದಕ್ಕೆ, "ನಿಮ್ಗ್ಯಾಕಪ್ಪ ಇದು? ನಿಮ್ಮ ಕಾಲು ಚಂದಾಗೈತಲ್ಲ, ಪಟದಲ್ಲೇ ಕಾಣ್ತದೆ!" ಎಂದರು ಅತ್ತೆಯವರು.

ಪಟದ ಒಂದು ಪ್ರತಿಯನ್ನು ಇದ್ರೀಸರಿಗೆ ಕೊಟ್ಟೆ. ಅವರು ಮುಖಗಳನ್ನು ನೋಡಲಿಲ್ಲ, ಚಕ್ರಗಳನ್ನೇ ನೋಡಿ, "ಒಂದೂ ವಾಲಿಲ್ಲ!" ಎಂದರು. ಆಮೇಲೆ ಸಾತನೂರಿನ ಕಡೆಯಿಂದ ಇನ್ನೊಬ್ಬ ಅಜ್ಜಿಗೆ ಬೇಕೆಂದು ಬಂದರು. ಮಾಗಡಿಯಿಂದ ಒಬ್ಬ ತಾತನಿಗೆ ಬೇಕಾಯಿತು. ಬಿಡದಿಯ ಕಾರ್ಖಾನೆಯ ಹುಡುಗರು ಊರಿನ ಅಜ್ಜಿಯರಿಗೆಂದು ತಳ್ಳಿಕೊಂಡು ಹೋದರು. ಈಗ ಇದ್ರೀಸರು ಮುದುಕರ ಗಾಡಿ ಬಿಟ್ಟರೆ ಬೇರೇನನ್ನೂ ಮಾಡುತ್ತಿಲ್ಲ. ಸೊಸೆ ಮೆಹ್ರೀನ್ ಅರಗಿಗೆ ಬಣ್ಣ ಬೆರೆಸುತ್ತಾಳೆ. ಅವರು ಚಕ್ರ ಕಡೆಯುತ್ತಾರೆ. ಬೇಡವೆಂದರೂ ಕೋಳಿ ಸೇರಿಸುತ್ತಾರೆ.

ಹೋದ ತಿಂಗಳು ಚನ್ನಪಟ್ಟಣಕ್ಕೆ ಹೋಗಿದ್ದೆ. ಅಂಗಡಿಯ ಗೋಡೆಯ ಮೇಲೆ ನಮ್ಮ ಪಟ ಬಾಗಿಲಿನಷ್ಟು ದೊಡ್ಡದಾಗಿ ತೂಗುತ್ತಿತ್ತು. ಹಳ್ಳಿಯ ಗಿರಾಕಿಯೊಬ್ಬ ಅದನ್ನು ನೋಡಿ ನಗುತ್ತ ನಿಂತಿದ್ದ. ನಾನು ಬಾಗಿಲ ಮರೆಯಲ್ಲಿಯೇ ನಿಂತೆ.

"ಸಾಬ್ರೇ, ಮುಂದೆ ಅಜ್ಜಿ ಐತೆ, ಸರಿ. ಹಿಂದ್ಗಡೆ ಪಂಚೆ ಹಿಡ್ಕಂಡ್ ಬೀಳ್ತಾ ಅವ್ನಲ್ಲ, ಆವಯ್ಯ ಯಾರು?"

ಇದ್ರೀಸರು ಉಳಿಯನ್ನು ಕೆಳಗಿಟ್ಟು, ಬಹಳ ಗಂಭೀರವಾಗಿ ಹೇಳಿದರು.

"ಮುಂದಿರೋರು ನಮ್ಮ ಗಾಡಿ ತಗೊಂಡೋರು. ಹಿಂದಿರೋರು ಇನ್ನೂ ತಗೊಂಡಿಲ್ಲ."